ನಿಪ್ಪಲ್ ಕಾಗೆ ಎತ್ಕೊಂಡು ಹೋಯ್ತು ಅನ್ಬೇಡಿ, ಗೊಂಬೆಗೆ ಕೊಡ್ಸಿ

ಮಾನ್ಯ ಸಂಪಾದಕರೇ,

ದಸರಾ ಹತ್ರ ಬರ್ತಿದೆ, ಮನೆಮನೇಲಿ ಅಟ್ಟದಿಂದ ಗೊಂಬೆ ಟ್ರಂಕ್ ಇಳ್ಸೋ ಟೈಮು, ಅದಕ್ಕೇ ಈ ಕಾಗದ ಈಗ್ಲೇ ಬರೀತಿದ್ದೀನಿ. ಚಿಕ್ಕ ಮಕ್ಕಳಿರೋ ಮನೆಯವರು ಓದ್ಲಿ ಅಂತ.

ಹೋದ ದಸರಾ ಟೈಮಲ್ಲಿ ನನ್ನ ಮೊಮ್ಮಗಳಿಗೆ ಎರಡೂವರೆ ವರ್ಷ. ಬಾಯಲ್ಲಿ ಯಾವಾಗ್ಲೂ ನಿಪ್ಪಲ್. ಹಾಲಿನ ಬಾಟಲಿದಲ್ಲ, ಬರೀ ಚೀಪೋಕೆ ಅಂತ ಸಿಗುತ್ತಲ್ಲ ಹಿಂದೆ ರಿಂಗ್ ಇರೋದು, ಅದು. ಹಲ್ಲಿನ ಡಾಕ್ಟರ್ ನೋಡಿ, ಇನ್ನು ಬಿಡಿಸ್ಬೇಕಮ್ಮ, ಮೂರು ವರ್ಷ ದಾಟಿದ ಮೇಲೂ ಚೀಪ್ತಿದ್ರೆ ಮೇಲಿನ ಮುಂದಿನ ಹಲ್ಲು ಕೆಳಗಿನ ಹಲ್ಲು ಒಂದಕ್ಕೊಂದು ತಾಗ್ದೆ ಮಧ್ಯ ಸಂದಿ ಬಿಡುತ್ತೆ, ಈಗ್ಲೇ ಬಿಡಿಸಿದ್ರೆ ಎಷ್ಟೋ ಸಲ ತಾನಾಗೇ ಸರಿಹೋಗುತ್ತೆ ಅಂದ್ರು. ಸರಿ, ಬಿಡಿಸೋದು ಹೇಗೆ?

ನಮ್ ಕಡೆ ಎಲ್ಲರಿಗೂ ಗೊತ್ತಿರೋದು ಎದೆಹಾಲು ಬಿಡಿಸೋಕೆ ಬೇವಿನ ಸೊಪ್ಪು ಅರೆದು ಹಚ್ಚೋದು. ನಾನು ಮಂಡ್ಯ ಕಡೆ ಹಳ್ಳಿಯವಳು, ನಮ್ಮಮ್ಮನೂ ಹಾಗೇ ಮಾಡಿದ್ರು. ಮನೇಲಿ ಹಿರಿಯರೊಬ್ರು ಒಳ್ಳೇ ಮನಸ್ಸಿಂದ್ಲೇ ನಿಪ್ಪಲ್‌ಗೆ ಬೇವಿನೆಣ್ಣೆ ಸವರಿ ಮಗು ಬಾಯಿಗೆ ಕೊಟ್ರು. ಕಕ್ಕೊಂಡು ಬಿಡ್ತು ಮಗು. ಆಮೇಲೆ ಎರಡು ದಿನ ಅನ್ನ ತಿನ್ನಿಸೋಕೆ ಹೋದ್ರೂ ಮೊದ್ಲು ನಮ್ಮ ಕೈ ಮೂಸಿ ನೋಡೋದು, ಆಮೇಲೆ ಬಾಯಿ ತೆಗೆಯೋದು. ಊಟ ಕೊಡೋ ಕೈಯನ್ನೇ ಮಗು ನಂಬ್ದೇ ಇದ್ರೆ ಎಷ್ಟು ಸಂಕಟ ಆಗುತ್ತೆ ಅಂತ ಅವತ್ತು ಗೊತ್ತಾಯ್ತು ನಂಗೆ. ಕೆಲವರು ಖಾರದಪುಡಿ ಹಚ್ತಾರಂತೆ, ದಯವಿಟ್ಟು ಬೇಡ.

ಆಮೇಲೆ ನಾನೇ ಒಂದು ತಪ್ಪು ಮಾಡ್ದೆ. ನಿಪ್ಪಲ್ ಬಚ್ಚಿಟ್ಟು ಕಾಗೆ ಎತ್ಕೊಂಡು ಹೋಯ್ತು ಪುಟ್ಟಿ ಅಂದ್ಬಿಟ್ಟೆ. ನಾವೆಲ್ಲ ಹೇಳೋ ಸುಳ್ಳೇ ಅದು, ನಾವೂ ಕೇಳ್ಕೊಂಡೇ ಬೆಳೆದಿದ್ದು. ಆದ್ರೆ ನನ್ ಮೊಮ್ಮಗಳು ಕಿಟಕಿ ಸರಳು ಹಿಡ್ಕೊಂಡು ಎದುರುಮನೆ ತೆಂಗಿನಮರ ನೋಡ್ತಾ ನಿಂತ್ಕೊಂಡ್ಳು, ಕಾಗೆ ಬಂದು ಕೂತಾಗೆಲ್ಲ ಕೈ ಚಾಚಿ ಕಾಕಾ ಕೊಡು, ಕಾಕಾ ಕೊಡು ಅನ್ನೋಳು. ಜೋರಾಗಿ ಅಳ್ತಾನೂ ಇರ್ಲಿಲ್ಲ, ಮೆಲ್ಲಗೆ ಕೇಳೋಳು. ಮೂರನೇ ದಿನ ನನ್ ಕೈಲಿ ತಡ್ಕೊಳ್ಳೋಕೆ ಆಗ್ಲಿಲ್ಲ, ವಾಪಸ್ ಕೊಟ್ಬಿಟ್ಟೆ.

ಅದೇ ವಾರ ಡೆನ್ಮಾರ್ಕ್‌ನಲ್ಲಿರೋ ನನ್ ತಂಗಿ ಮಗಳು ವಿಡಿಯೋ ಕಾಲ್ ಮಾಡಿದ್ಲು, ಇದೆಲ್ಲ ಕೇಳಿ ಅಲ್ಲಿನ ವಿಷ್ಯ ಹೇಳಿದ್ಲು. ಅಲ್ಲಿ ಪಾರ್ಕುಗಳಲ್ಲಿ ನಿಪ್ಪಲ್ ಮರ ಅಂತಾನೇ ಇರುತ್ತಂತೆ, ಕೋಪನ್‌ಹೇಗನ್ ಹತ್ರದ ಫ್ರೆಡೆರಿಕ್ಸ್‌ಬರ್ಗ್ ಉದ್ಯಾನದಲ್ಲಿರೋದು ತುಂಬಾ ಹೆಸರುವಾಸಿ. ಬಣ್ಣದ ರಿಬ್ಬನ್ ಕಟ್ಟಿ, ಮರಕ್ಕೆ ಅಂತ ಒಂದು ಚೀಟಿ ಬರೆಸಿ, ಮಗು ಕೈಯಿಂದ್ಲೇ ಕೊಂಬೆಗೆ ನೇತು ಹಾಕಿಸ್ತಾರೆ. ಮಗುಗೆ ನೆನಪಾದಾಗ ಹೋಗಿ ಮಾತಾಡ್ಸಿ ಟಾಟಾ ಮಾಡಿ ಬರಬಹುದು. ಜರ್ಮನಿಯಲ್ಲಿ ನಿಪ್ಪಲ್ ತಗೊಂಡು ಹೋಗೋಕೆ ಒಂದು ಯಕ್ಷಿಣಿ ಬರ್ತಾಳೆ, ರಾತ್ರಿ ಒಂದು ಉಡುಗೊರೆ ಇಟ್ಟು ಹೋಗ್ತಾಳೆ ಅಂತ ಹೇಳ್ತಾರೆ. ನನಗೆ ಮರವೇ ಹಿಡಿಸ್ತು, ಯಾಕಂದ್ರೆ ಅಲ್ಲಿ ಯಾರೂ ಕಿತ್ಕೊಳ್ಳಲ್ಲ, ಮಗುನೇ ಕೊಡುತ್ತೆ, ಕೊಟ್ಟಿದ್ದು ಎಲ್ಲಿದೆ ಅಂತ ಅದಕ್ಕೆ ಗೊತ್ತಿರುತ್ತೆ. ನಮ್ಮಲ್ಲೂ ಹರಕೆ ಹೊತ್ತೋರು ಮರಕ್ಕೆ ಪುಟ್ಟ ತೊಟ್ಟಿಲು ಕಟ್ತಾರಲ್ಲ, ಅದೇ ನೆನಪಾಯ್ತು. ಆದ್ರೆ ಇಲ್ಲಿ ಮರಕ್ಕೆ ರಬ್ಬರ್ ಕಟ್ಟಿದ್ರೆ ಕೋತಿ ಬಾಯಿಗೆ ಹಾಕ್ಕೊಂಡು ಬಿಡುತ್ತೆ.

ನಮ್ಮನೇಲಿ ಐದು ಮೆಟ್ಟಿಲು ಗೊಂಬೆ ಕೂರಿಸ್ತೀವಿ, ಮೇಲ್ಗಡೆ ನನ್ನ ಮದ್ವೇಲಿ ಅಪ್ಪ ಕೊಟ್ಟ ಪಟ್ಟದ ಗೊಂಬೆ. ಕೊನೇ ಮೆಟ್ಟಿಲಲ್ಲಿ ಬೆಣ್ಣೆ ಹಿಡ್ಕೊಂಡ ಅಂಬೆಗಾಲು ಕೃಷ್ಣ, ಮಗು ಕೈಗೆ ಸಿಗೋಷ್ಟು ಎತ್ತರ. ದಿನಾ ಸಾಯಂಕಾಲ ಗೊಂಬೆ ಬಾಗಿನಕ್ಕೆ ಬರೋ ಮಕ್ಕಳ ಮುಂದೆ, ಕೃಷ್ಣಂಗೆ ಯಾರು ಏನು ಕೊಡ್ತೀರಾ ಅಂತ ಸುಮ್ನೆ ಕೇಳ್ತಿದ್ದೆ. ಒಬ್ಬ ಕೊಬ್ಬರಿ ಮಿಠಾಯಿ ಇಟ್ಟ, ಇನ್ನೊಬ್ಳು ಬಳೆ ಇಟ್ಟಳು. ಇವಳು ಆರು ದಿನ ನೋಡಿದ್ಲು. ಏಳನೇ ದಿನ ಬಾಯಿಂದ ನಿಪ್ಪಲ್ ತೆಗೆದು, ಫ್ರಾಕಿಗೆ ಒರೆಸಿ, ಕೃಷ್ಣನ ಮಂಡಿ ಹತ್ರ ಇಟ್ಟು ಕಿಟ್ಟಪ್ಪಂಗೆ ಬೆಣ್ಣೆ ಐತೆ, ಇದಿಲ್ಲ ಅಂದ್ಲು. ಅವತ್ತು ರಾತ್ರಿ ವಾಪಸ್ ಬೇಕು ಅಂದ್ಲು, ಕೊಟ್ವಿ. ವಿಜಯದಶಮಿ ರಾತ್ರಿ ಗೊಂಬೆ ಮಲಗಿಸ್ವಾಗ ಅವಳೇ ತಂದು ಕೃಷ್ಣನ ಪಕ್ಕ ಮಲಗಿಸಿ ಕರ್ಚೀಫ್ ಹೊದಿಸಿದ್ಲು. ಮಾರನೇ ದಿನ ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಹಾಕ್ವಾಗ ಎದುರಿಗೇ ಇದ್ಲು. ಎರಡು ರಾತ್ರಿ ಎದ್ದು ಕೇಳಿದ್ಲು, ಕೃಷ್ಣನ ಹತ್ರ ಇದೆ ಅಂದ್ವಿ, ಅದು ನಿಜಾನೇ ತಾನೇ, ನನ್ ಸೆರಗು ಹಿಡ್ಕೊಂಡು ಮಲಗಿದ್ಲು. ಮೂರನೇ ರಾತ್ರಿಯಿಂದ ಕೇಳ್ಲಿಲ್ಲ.

ನಿಪ್ಪಲ್ ಕೊಟ್ಟ ತಾಯಂದಿರನ್ನ ದಯವಿಟ್ಟು ಬೈಬೇಡಿ. ಮೊದಲ ವರ್ಷ ಮಲಗ್ವಾಗ ನಿಪ್ಪಲ್ ಕೊಟ್ರೆ ನಿದ್ದೇಲಿ ಕೂಸು ಹಠಾತ್ತಾಗಿ ತೀರ್ಕೊಳ್ಳೋ ಅಪಾಯ ಕಮ್ಮಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿನೇ ಹೇಳುತ್ತೆ. ಆದ್ರೆ ಅದನ್ನ ಜೇನುತುಪ್ಪದಲ್ಲಿ ಅದ್ದಿ ಕೊಡೋದು ಮಾತ್ರ ಬೇಡ್ವೇ ಬೇಡ, ವರ್ಷ ತುಂಬದ ಮಗುಗೆ ಜೇನಿಂದ ಬಾಟುಲಿಸಂ ಅನ್ನೋ ಭಾರೀ ಕಾಯಿಲೆ ಬರಬಹುದು, ಅಮೆರಿಕದ ಟೆಕ್ಸಾಸ್‌ನಲ್ಲಿ ಜೇನು ತುಂಬಿದ ನಿಪ್ಪಲ್ ಚೀಪಿದ 4 ಕೂಸುಗಳು ಆಸ್ಪತ್ರೆ ಸೇರಿ 2018ರಲ್ಲಿ ಸರ್ಕಾರವೇ ಎಚ್ಚರಿಕೆ ಕೊಟ್ಟಿತ್ತು.

ಮಕ್ಕಳ ದಸರಾ ವ್ಯವಸ್ಥೆ ನೋಡ್ಕೊಳ್ಳೋರಿಗೆ ನನ್ನದೊಂದು ಮನವಿ. ಈ ಸಲ ಅಲ್ಲಿ ಒಂದು ಅಂಬೆಗಾಲು ಕೃಷ್ಣನ ಗೊಂಬೆ, ಮಗು ಕೈಗೆಟುಕೋ ಎತ್ತರದಲ್ಲಿ, ಪಕ್ಕದಲ್ಲೊಂದು ಬಿದಿರು ಬುಟ್ಟಿ ಇಡ್ಸಿ. ಮನೇಲಿ ಗೊಂಬೆ ಕೂರಿಸದೇ ಇರೋರೂ ಮಕ್ಕಳನ್ನ ಕರ್ಕೊಂಡು ಬರ್ಲಿ.

ಒಬ್ಬ ಅಜ್ಜಿ, ಕುವೆಂಪುನಗರ, ಮೈಸೂರು