ವಿಷಯ: ನಮ್ಮ ಪೋರ್ಟಲ್‌ನ ಕನ್ನಡ ಅಲಂಕಾರ ಟೆಂಪ್ಲೇಟುಗಳು ಪ್ರತಿ ಅಪ್‌ಡೇಟ್‌ನಲ್ಲೂ ಅಳಿಸಿಹೋಗುತ್ತಿರುವ ಬಗ್ಗೆ ದೂರು

ಇವರಿಂದ: ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕಿ, ನೌಕರರ ಪತ್ತಿನ ಸಹಕಾರ ಸಂಘ, ಧಾರವಾಡ

ಇವರಿಗೆ: ವ್ಯವಸ್ಥಾಪಕರು, ಪೋರ್ಟಲ್ ನಿರ್ವಹಣಾ ಕಂಪನಿ, ಬೆಂಗಳೂರು

ಮಾನ್ಯರೇ,

ಕಳೆದ ಶನಿವಾರ ರಾತ್ರಿ ನಿಮ್ಮವರು ಜೆಟ್‌ಸ್ಪೀಡ್-2 ತಂತ್ರಾಂಶದಲ್ಲಿ ನಡೆಯುವ ನಮ್ಮ ಪೋರ್ಟಲ್‌ಗೆ ಹೊಸ ವಾರ್ ಫೈಲ್ (ಪೋರ್ಟಲ್‌ನ ಕಡತಗಳನ್ನೆಲ್ಲ ಒಟ್ಟಿಗೆ ಕಟ್ಟಿದ ಫೈಲ್) ಹಾಕಿದರು. ಸೋಮವಾರ ಬೆಳಿಗ್ಗೆ ನೋಡಿದರೆ ಸಂಘದ ಲಾಂಛನವಿಲ್ಲ, ಕನ್ನಡದ ತಲೆಬರಹವಿಲ್ಲ. ನಿವೃತ್ತ ಶಿಕ್ಷಕರೊಬ್ಬರು ಫೋನ್ ಮಾಡಿ, "ಇದು ನಮ್ಮ ಸಂಘದ್ದೋ, ಬ್ಯಾರೆ ಯಾರದೋರಿ? ಪಾಸ್‌ವರ್ಡ್ ಹಾಕ್ಲೋ ಬ್ಯಾಡೋ?" ಎಂದು ಕೇಳಿದರು. ನಕಲಿ ಸೈಟುಗಳ ಬಗ್ಗೆ ಎಚ್ಚರವಾಗಿರಿ ಎಂದು ಸದಸ್ಯರಿಗೆ ಹೇಳುತ್ತ ಬಂದವರು ನಾವೇ. ಅವರಿಗೆ ಆ ಅನುಮಾನ ಬಂದದ್ದು ಸರಿಯೇ.

ಹೀಗಾಗಿದ್ದು ಇದು ಮೂರನೇ ಸಲ. ಸರ್ವರ್ ನೋಡಿದಾಗ ಕಾರಣ ತಿಳಿಯಿತು. ಲಾಂಛನ, ತಲೆಬರಹ ಮುಂತಾಗಿ ಪುಟದ ರೂಪವನ್ನು ನಿರ್ಧರಿಸುವ ನಮ್ಮ ಅಲಂಕಾರ ಟೆಂಪ್ಲೇಟುಗಳು ವಾರ್‌ನೊಳಗೆ ಇಲ್ಲವೇ ಇಲ್ಲ. ಪೋರ್ಟಲ್ ನಡೆಸುವ ಸರ್ವರ್ ತಂತ್ರಾಂಶವಾದ ಟಾಮ್‌ಕ್ಯಾಟ್ ಆ ವಾರ್ ಬಿಚ್ಚಿಟ್ಟ ಫೋಲ್ಡರಿಗೆ ಯಾರೋ ಕೈಯಿಂದ ಕಾಪಿ ಮಾಡಿದ್ದಾರೆ. ಹೊಸ ವಾರ್ ಹಾಕಿದಾಗ ಹಳೆಯ ಫೋಲ್ಡರ್ ಹೋಗಿ ಹೊಸದು ಬಿಚ್ಚಿಕೊಳ್ಳುತ್ತದೆ. ಕೈಯಿಂದ ಇಟ್ಟದ್ದೆಲ್ಲ ಅದರೊಂದಿಗೇ ಹೋಗುತ್ತದೆ.

ದೂರು ಕೊಟ್ಟ ಮೇಲೆ ಮಾಡಿದ ದುರಸ್ತಿಯೂ ಅರೆಬರೆ. ಪುಟದ ಚೌಕಟ್ಟಿನ ಲೇಔಟ್ ಅಲಂಕಾರ ಹಾಕಿ, ಒಳಗಿನ ಪೆಟ್ಟಿಗೆಗಳ ಪೋರ್ಟ್‌ಲೆಟ್ ಅಲಂಕಾರ ಮರೆತರು. ಡೆಕೊರೇಷನ್ಸ್ ಫೋಲ್ಡರಿನಲ್ಲಿ ಇವೆರಡೂ ಬೇರೆ ಬೇರೆ ಇರುತ್ತವೆ ಎಂಬುದು ನಿರ್ವಹಣೆ ಮಾಡುವವರಿಗೆ ಗೊತ್ತಿರಬೇಕಲ್ಲವೇ?

ನನಗೆ ಹೆಚ್ಚು ನೋವಾದದ್ದು ಕನ್ನಡದ ಗತಿ ನೋಡಿ. ತಲೆಬರಹದಲ್ಲಿ ಒಂದೊಂದು ಅಕ್ಷರದ ಜಾಗದಲ್ಲಿ ಮೂರು ಮೂರು ವಿಚಿತ್ರ ಗುರುತುಗಳು. "ಫಾಂಟ್ ಸಮಸ್ಯೆ, ನಿಮ್ಮ ಕಂಪ್ಯೂಟರ್ ನೋಡಿಕೊಳ್ಳಿ" ಎಂದು ನಿಮ್ಮವರು ಉತ್ತರ ಕೊಟ್ಟರು. ಇದು ಫಾಂಟ್ ಸಮಸ್ಯೆ ಅಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು; ಟೆಂಪ್ಲೇಟುಗಳಿಂದ ಪುಟ ಕಟ್ಟುವ ಹಳೆಯ ವೆಲಾಸಿಟಿ 1.x ತಂತ್ರಾಂಶ ಬೇರೆ ಹೇಳದಿದ್ದರೆ ಟೆಂಪ್ಲೇಟನ್ನು ಐಎಸ್‌ಒ-8859-1 ಎಂಬ ಬೇರೆ ಪದ್ಧತಿಯದೆಂದೇ ಓದುತ್ತದೆ, ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ತಿಳಿಯುತ್ತದೆ. ವೆಲಾಸಿಟಿಯ ಸೆಟ್ಟಿಂಗ್‌ಗಳಲ್ಲಿರುವ ಇನ್‌ಪುಟ್ ಎನ್‌ಕೋಡಿಂಗ್ ಸಾಲನ್ನು ಯುಟಿಎಫ್-8 ಎಂದು ಬದಲಿಸಿದರೆ ಸರಿಹೋಗುತ್ತದೆ. ನಾನೇ ಪರೀಕ್ಷಾ ಯಂತ್ರದಲ್ಲಿ ಮಾಡಿ ನೋಡಿದ್ದೇನೆ.

ಆದ್ದರಿಂದ ಎರಡೂ ಬಗೆಯ ಅಲಂಕಾರಗಳನ್ನು ಮೂಲ ಕೋಡಿನೊಳಗೇ ಸೇರಿಸಿ, ಅಲ್ಲಿಂದಲೇ ವಾರ್ ಕಟ್ಟಬೇಕು. ಸರ್ವರ್‌ನಲ್ಲಿ ಕೈಯಿಂದ ತಿದ್ದುವುದು ನಿಲ್ಲಬೇಕು. ಪರೀಕ್ಷಾ ಸರ್ವರ್‌ನಲ್ಲಿ ನಾವು ಕನ್ನಡ ಪುಟಗಳನ್ನು ನೋಡಿ ಒಪ್ಪುವವರೆಗೆ ಮುಖ್ಯ ಸರ್ವರ್ ಮುಟ್ಟಬೇಡಿ. ಹಿಂದಿನ ವಾರ್ ಫೈಲಿನ ಪ್ರತಿಯನ್ನೂ ಇಟ್ಟುಕೊಳ್ಳಿ. ಈ ಸಲ ಹಿಂದಕ್ಕೆ ಹೋಗಲು ಅದೂ ಇರಲಿಲ್ಲ.

ಮುಂದಿನ ತಿಂಗಳು ವಾರ್ಷಿಕ ಮಹಾಸಭೆಯ ನೋಟಿಸು ಇದೇ ಪೋರ್ಟಲ್‌ನಲ್ಲಿ ಹೋಗಬೇಕಿದೆ. ಹತ್ತು ದಿನಗಳೊಳಗೆ ಕೆಲಸ ಮುಗಿಸಿ, ಏನೇನು ಬದಲಿಸಿದಿರಿ ಎಂದು ಬರಹದಲ್ಲಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಮೇಲ್ವಿಚಾರಕಿ, ಕಂಪ್ಯೂಟರ್ ವಿಭಾಗ