ಕೆಲಸ ಹೋದಾಗ ಮೊದಲ ವಾರ ಕಡತಕ್ಕೆ, ಎರಡನೇ ವಾರ ಬಯೋಡಾಟಾಕ್ಕೆ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಕೆಲಸ ಕಳೆದುಕೊಂಡು ಊರಿಗೆ ಮರಳಿದವರಿರಲಿ, ಬೈಕಂಪಾಡಿಯ ಕಾರ್ಖಾನೆಯಲ್ಲೋ ಮಣಿಪಾಲದ ಕಚೇರಿಯಲ್ಲೋ 'ನಾಳೆಯಿಂದ ಬರುವುದು ಬೇಡ' ಎನ್ನಿಸಿಕೊಂಡವರಿರಲಿ, ಹೆಚ್ಚಿನವರು ಮೊದಲು ಕೂರುವುದು ಬಯೋಡಾಟಾ ತಿದ್ದಲು. ಅದಕ್ಕೆ ಎರಡನೇ ವಾರ ಸಾಕು. ಮೊದಲ ವಾರವನ್ನು ಹಳೆಯ ಕಂಪೆನಿಯ ಕಾಗದಪತ್ರಕ್ಕೆ ಮೀಸಲಿಡಬೇಕು. ಇಂಟರ್‌ವ್ಯೂ ಗೆದ್ದು ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವವರನ್ನು ನೇಮಕಾತಿ ಕ್ಷೇತ್ರದಲ್ಲಿ ಇರುವ ನಾವು ಪದೇ ಪದೇ ನೋಡುತ್ತೇವೆ.

ಕೆಲಸದಿಂದ ತೆಗೆಯುವಾಗ ಹಲವು ಕಡೆ 'ನೀವೇ ರಾಜೀನಾಮೆ ಬರೆದುಕೊಡಿ, ನಿಮ್ಮ ದಾಖಲೆ ಚೆನ್ನಾಗಿರುತ್ತದೆ' ಎನ್ನುತ್ತಾರೆ. ಆ ಹೊತ್ತಿನಲ್ಲೇ ಸಹಿ ಹಾಕಬೇಡಿ. ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕರನ್ನು ಕಂಪೆನಿಯೇ ಕಡಿತ ಮಾಡಿದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಪರಿಹಾರವಾಗಿ ಸಿಗಬೇಕು. ರಾಜೀನಾಮೆ ಕೊಟ್ಟವರಿಗೆ ಈ ಪರಿಹಾರ ಇಲ್ಲ. ವ್ಯವಸ್ಥಾಪಕ ಹುದ್ದೆಯಲ್ಲಿದ್ದವರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಅವರು ನೇಮಕಾತಿ ಪತ್ರದ ನೋಟಿಸ್ ಷರತ್ತನ್ನು ಓದಿ ಅದರಂತೆ ಕೇಳಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ಕೆಲಸದಿಂದ ತೆಗೆದರೂ ರಾಜೀನಾಮೆ ಕೊಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಐದು ವರ್ಷ ದುಡಿದವರಿಗೆ ಗ್ರಾಚ್ಯುಟಿಯೂ ಇದೆ. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿದರೆ ಮೊತ್ತ ಸಿಗುತ್ತದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,000 ರೂ. ಇದ್ದು ಎಂಟು ವರ್ಷ ದುಡಿದಿದ್ದರೆ ಅದು 92,300 ರೂ. ಚಿಲ್ಲರೆ. ಈ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ. ಲೆಕ್ಕ ಗೊತ್ತಿರುವವರ ಬಳಿ ಮಾತಿನ ಧಾಟಿ ಬದಲಾಗುತ್ತದೆ.

ಕಚೇರಿಯ ಇಮೇಲ್ ಮುಚ್ಚುವ ಮೊದಲು ಪಡೆದುಕೊಳ್ಳಬೇಕಾದ್ದು: ರಿಲೀವಿಂಗ್ (ಕೆಲಸದಿಂದ ಬಿಡುಗಡೆಯ) ಪತ್ರ, ಅನುಭವ ಪತ್ರ, ಕೊನೆಯ ಮೂರು ತಿಂಗಳ ಪೇಸ್ಲಿಪ್, ಹಿಂದಿನ ವರ್ಷಗಳ ಫಾರ್ಮ್ 16 (ಸಂಬಳದಿಂದ ಕಡಿತವಾದ ತೆರಿಗೆಯ ಪ್ರಮಾಣಪತ್ರ), ಅಂತಿಮ ಲೆಕ್ಕಾಚಾರದ ಪ್ರತಿ. ಪೇಸ್ಲಿಪ್ ಕಂಪೆನಿಯ ಪೋರ್ಟಲ್‌ನಲ್ಲಿ ಮಾತ್ರ ಇದ್ದರೆ ಕೊನೆಯ ದಿನ ಸಂಜೆಯೇ ಪಾಸ್‌ವರ್ಡ್ ನಿಲ್ಲಬಹುದು.

ಪಿಎಫ್ (ಭವಿಷ್ಯನಿಧಿ) ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಖಾತೆಗೆ ಹೋಗಿ ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ ನೋಡಿ. ಹಳೆಯ ಕಂಪೆನಿ ಅದನ್ನು ಹಾಕದಿದ್ದರೆ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳು ಕಳೆದ ಮೇಲೆ ಆಧಾರ್ ಒಟಿಪಿ ಬಳಸಿ ನೀವೇ ಹಾಕಬಹುದು. ಆ ದಿನಾಂಕ ರಿಲೀವಿಂಗ್ ಪತ್ರದ ದಿನಾಂಕಕ್ಕೆ ಹೊಂದಬೇಕು. ಹೊಂದದಿದ್ದರೆ ಹೊಸ ಕಂಪೆನಿಯ ಕಣ್ಣಿಗೆ ನೀವು ಒಂದೇ ವೇಳೆ ಎರಡು ಕಡೆ ದುಡಿದಂತೆ ಕಾಣಬಹುದು. ಕೈ ಬಿಗಿಯಾಯಿತೆಂದು ಇಡೀ ಹಣ ತೆಗೆಯುವ ಮುನ್ನ ಎರಡು ಸಂಗತಿ ನೆನಪಿರಲಿ. ಒಟ್ಟು ಸೇವೆ ಐದು ವರ್ಷಕ್ಕಿಂತ ಕಡಿಮೆಯಿದ್ದು ಮೊತ್ತ 50,000 ರೂ. ಮುಟ್ಟಿದರೆ, ಪ್ಯಾನ್ ಕೊಟ್ಟವರಿಗೂ ಸಾಮಾನ್ಯವಾಗಿ ಶೇ. 10 ತೆರಿಗೆ ಕಡಿತವಾಗುತ್ತದೆ. ಪಿಎಫ್ ಜೊತೆಗಿರುವ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಏಳೆಂಟು ವರ್ಷ ಆದವರು ಪಿಂಚಣಿ ಭಾಗವನ್ನೂ ತೆಗೆದುಕೊಂಡರೆ ಆ ವರ್ಷಗಳು ಅಳಿಸಿಹೋಗಿ ಎಣಿಕೆ ಮತ್ತೆ ಸೊನ್ನೆಯಿಂದ ಶುರು.

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಪಿಎಫ್ ಅರ್ಜಿ ತಿರಸ್ಕೃತವಾಗಲು ಹೆಸರಿನ ವ್ಯತ್ಯಾಸ ದೊಡ್ಡ ಕಾರಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರು; ಡಿಸೋಜ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತ, ಮಹಮ್ಮದ್ ಎಂಬುದಕ್ಕೆ ಅದಕ್ಕಿಂತಲೂ ಹೆಚ್ಚು. ಆಧಾರ್, ಪ್ಯಾನ್, ಬ್ಯಾಂಕ್, ಯುಎಎನ್ ನಾಲ್ಕರಲ್ಲೂ ಅಕ್ಷರ ಅಕ್ಷರ ಹೊಂದಿಸಿ. ಹಳೆಯ ಯುಎಎನ್‌ಗಳ ತಿದ್ದುಪಡಿಗೆ ಕಂಪೆನಿಯ ಒಪ್ಪಿಗೆ ಬೇಕಾಗಬಹುದು, ಹಾಗಾಗಿ ಜಾಯಿಂಟ್ ಡಿಕ್ಲರೇಶನ್ (ನೀವೂ ಕಂಪೆನಿಯೂ ಸೇರಿ ಕೊಡುವ ತಿದ್ದುಪಡಿ ಅರ್ಜಿ) ಅನ್ನು ಎಚ್ಆರ್ ವಿಭಾಗದವರು ಫೋನ್ ಎತ್ತುವ ದಿನಗಳಲ್ಲೇ ಮುಗಿಸಿಕೊಳ್ಳಿ. ಕಂಪೆನಿಯ ಸಿಮ್ ಆಧಾರ್‌ಗೆ ಜೋಡಣೆಯಾಗಿದ್ದರೆ ಸಿಮ್ ಮರಳಿಸುವ ಮೊದಲೇ ಸ್ವಂತ ನಂಬರಿಗೆ ಬದಲಿಸಬೇಕು. ಇಲ್ಲವಾದರೆ ಒಟಿಪಿ ಬರುವ ದಾರಿಯೇ ಮುಚ್ಚುತ್ತದೆ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಬಗ್ಗೆ ಶಾಖಾ ಕಚೇರಿಯಲ್ಲಿ ವಿಚಾರಿಸಿ. ಜೀವಮಾನದಲ್ಲಿ ಒಮ್ಮೆ, ಗರಿಷ್ಠ 90 ದಿನಗಳವರೆಗೆ ಸರಾಸರಿ ದಿನಗೂಲಿಯ ಅರ್ಧ ಕೊಡುವ ಯೋಜನೆ ಇದು. ಅವಧಿ ಅವಧಿಗೆ ವಿಸ್ತರಿಸುತ್ತ ಬಂದಿರುವುದರಿಂದ ಅರ್ಜಿ ಹಾಕುವ ದಿನದ ಸ್ಥಿತಿ ಕೇಳಿಕೊಳ್ಳುವುದು ಒಳ್ಳೆಯದು. ಕಂಪೆನಿಯ ಗುಂಪು ಆರೋಗ್ಯ ವಿಮೆ ಇದ್ದವರು ಅದು ಯಾವತ್ತು ನಿಲ್ಲುತ್ತದೆಂದು ಕೇಳಿ, ಅದಕ್ಕೂ ಮೊದಲೇ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅರ್ಜಿ ಕೊಡಿ. ಗೃಹಸಾಲದ ಕಂತು ಕಟ್ಟಲಾಗದು ಅನ್ನಿಸಿದರೆ ಕಂತು ತಪ್ಪುವ ಮುನ್ನವೇ ಬ್ಯಾಂಕಿಗೆ ಹೋಗಿ. 90 ದಿನ ಬಾಕಿ ದಾಟಿದ ಸಾಲ ಎನ್‌ಪಿಎ (ವಸೂಲಾಗದ ಸಾಲ) ಆದಮೇಲೆ ಮ್ಯಾನೇಜರ್‌ಗೂ ಕೈಕಟ್ಟಿದಂತೆಯೇ.

ಇನ್ನು ಹುಡುಕಾಟ. ಕರಾವಳಿಯ ಸಣ್ಣ ಮತ್ತು ಮಧ್ಯಮ ಕಂಪೆನಿಗಳ ಬಹಳಷ್ಟು ಹುದ್ದೆ ಜಾಹೀರಾತಿಗೆ ಬರುವ ಮೊದಲೇ ಪರಿಚಯದವರ ಮೂಲಕ ತುಂಬುತ್ತದೆ. ಆದ್ದರಿಂದ ಕೆಲಸ ಹೋದ ವಿಷಯ ಮುಚ್ಚಿಡಬೇಡಿ. ಆದರೆ 'ಏನಾದರೂ ಕೆಲಸ ಇದ್ದರೆ ಹೇಳಿ' ಎಂಬ ಸಂದೇಶ ಯಾರಿಗೂ ಉಪಯೋಗವಿಲ್ಲ. 'ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್, ಆರು ವರ್ಷದ ಅನುಭವ, ಸುರತ್ಕಲ್‌ನಿಂದ ಮಂಗಳೂರಿನವರೆಗೆ ಎಲ್ಲಾದರೂ ಸರಿ, ನಾಳೆಯೇ ಸೇರಬಲ್ಲೆ' ಎಂದು ಬರೆದರೆ ಓದಿದವರಿಗೆ ಯಾರಿಗೆ ಕಳುಹಿಸಬೇಕೆಂದು ತಕ್ಷಣ ಹೊಳೆಯುತ್ತದೆ. ಕೊನೆಯ ಮಾತು ಮುಖ್ಯ. ಕೆಲಸದಲ್ಲಿರುವವರು ಎರಡು ಮೂರು ತಿಂಗಳ ನೋಟಿಸ್ ಮುಗಿಸಿ ಬರಬೇಕು, ನೀವು ಕಾಯಿಸುವುದಿಲ್ಲ. ಏಕೆ ಬಿಟ್ಟಿರಿ ಎಂದು ಕೇಳಿದರೆ 'ಸಿಬ್ಬಂದಿ ಕಡಿತದಲ್ಲಿ ನಮ್ಮ ವಿಭಾಗ ಹೋಯಿತು' ಎಂದು ಇದ್ದದ್ದನ್ನೇ ಒಂದು ವಾಕ್ಯದಲ್ಲಿ ಹೇಳಿ, ಮಾತನ್ನು ನೀವು ಮಾಡಿದ ಕೆಲಸದ ಕಡೆಗೆ ತಿರುಗಿಸಿ.

ಬಯೋಡಾಟಾ ಎರಡು ಪುಟ ಮೀರದಿರಲಿ, ಪಿಡಿಎಫ್‌ನಲ್ಲಿರಲಿ, ಫೈಲಿಗೆ ನಿಮ್ಮ ಹೆಸರಿರಲಿ. ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಬಳಸಿ. ನುಡಿ, ಬರಹದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ.

ಅವಸರದಲ್ಲಿರುವವರನ್ನೇ ವಂಚಕರು ಹುಡುಕುತ್ತಾರೆ. ಕೆಲಸ ಕೊಡಿಸುವ ಕನ್ಸಲ್ಟೆನ್ಸಿಗೆ ಹಣ ಬರಬೇಕಾದ್ದು ಕಂಪೆನಿಯಿಂದ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ ಎಂದು ಅಭ್ಯರ್ಥಿಯಿಂದ ಕೇಳಿದರೆ ಅಲ್ಲಿಗೇ ಬಿಡಿ. ಬಂದರು, ವಿಮಾನ ನಿಲ್ದಾಣದ ಹೆಸರಿನ ನೇಮಕಾತಿ ಪತ್ರ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಆಯಾ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಅಧಿಸೂಚನೆ ಇದೆಯೇ ನೋಡಿ. ಗಲ್ಫ್‌ಗೆ ಕಳುಹಿಸುವ ಏಜೆಂಟರ ಪರವಾನಗಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಪರಿಶೀಲಿಸಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂ. ಮತ್ತು ಜಿಎಸ್‌ಟಿ, ಅದಕ್ಕೂ ರಸೀದಿ ಬೇಕು. 'ಸದ್ಯ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸೋಣ' ಎನ್ನುವವರನ್ನು ನಂಬಿ ವಿಮಾನ ಹತ್ತಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಎರಡೂ ಜಿಲ್ಲಾಡಳಿತಗಳಲ್ಲಿ ಒಂದು ವಿನಂತಿ. ಉದ್ಯೋಗ ಮೇಳಗಳು ಬಹುಪಾಲು ಈಗಷ್ಟೇ ಓದು ಮುಗಿಸಿದವರಿಗಾಗಿ ನಡೆಯುತ್ತವೆ. ಹತ್ತು ಹದಿನೈದು ವರ್ಷ ದುಡಿದು ನಲ್ವತ್ತರ ಆಸುಪಾಸಿನಲ್ಲಿ ಕೆಲಸ ಕಳೆದುಕೊಂಡವರಿಗೆ ಅಲ್ಲಿ ಕೇಳುವವರಿಲ್ಲ. ಭವಿಷ್ಯನಿಧಿ ಸಂಘಟನೆ ಪ್ರತಿ ತಿಂಗಳ 27ರಂದು ಜಿಲ್ಲೆ ಜಿಲ್ಲೆಯಲ್ಲಿ 'ನಿಧಿ ಆಪ್ಕೆ ನಿಕಟ್' ಎಂಬ ಸಂಪರ್ಕ ಶಿಬಿರ ನಡೆಸುತ್ತದೆ. ಅದೇ ದಿನ ಅದೇ ಜಾಗದಲ್ಲಿ ಕಾರ್ಮಿಕ ಇಲಾಖೆ ಮತ್ತು ಉದ್ಯೋಗ ವಿನಿಮಯ ಕಚೇರಿಯ ತಲಾ ಒಬ್ಬರು ಅಧಿಕಾರಿ ಕುಳಿತರೆ ಬಾಕಿ ವೇತನದ ದೂರು, ಪಿಎಫ್ ತಿದ್ದುಪಡಿ, ಹೊಸ ನೋಂದಣಿ ಮೂರೂ ಒಂದೇ ಬೆಳಿಗ್ಗೆ ಮುಗಿಯುತ್ತವೆ. ಇದಕ್ಕೆ ಹೊಸ ಯೋಜನೆಯೂ ಬೇಡ, ಹೊಸ ಕಟ್ಟಡವೂ ಬೇಡ. ಜಿಲ್ಲಾಧಿಕಾರಿಗಳು ಮುಂದಿನ ತಿಂಗಳ ಶಿಬಿರದಿಂದಲೇ ಇದನ್ನು ಆರಂಭಿಸಲಿ, ಸ್ಥಳ ಮತ್ತು ಸಮಯವನ್ನು ಒಂದು ವಾರ ಮುಂಚೆ ಪತ್ರಿಕೆಗಳಿಗೆ ತಿಳಿಸಲಿ.

– ನೇಮಕಾತಿ ಕ್ಷೇತ್ರದ ಓದುಗರು, ಕದ್ರಿ, ಮಂಗಳೂರು