ಪದ್ಮಿನಿಗೆ ಗೇರ್ ಬಿತ್ತು ಪುಟ್ಟೀ

ಪುಟ್ಟೀ,

ಫೋನಿನಲ್ಲಿ ಹೇಳಿದರೆ ಐದು ನಿಮಿಷಕ್ಕೆ ಮುಗಿದುಬಿಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ತಾತನ ಪದ್ಮಿನಿ ಕಾರಿನಲ್ಲಿ ಎಂಜಿನ್ ಮತ್ತೆ ಕೂತಿತು. ಗೇರೂ ಬೀಳುತ್ತಿದೆ.

ನೀನು ಆರನೇ ಕ್ಲಾಸಿನಲ್ಲಿದ್ದಾಗ ಇಳಿಸಿದ ಎಂಜಿನ್ ಅದು. ಆ ಬೇಸಿಗೆ ರಜೆ ನೆನಪಿದೆಯಾ? ನಾನು ಬೋಲ್ಟ್ ಬಿಚ್ಚಿ ಕೊಡುತ್ತಿದ್ದೆ, ನೀನು ಹಾಲಿನ ಕವರ್ ತೊಳೆದು ಒಣಗಿಸಿ, ಅದರೊಳಗೆ ಹಾಕಿ ಚೀಟಿ ಅಂಟಿಸುತ್ತಿದ್ದೆ. ‘ಎಡಗಡೆ ಮೌಂಟು, ಉದ್ದದ್ದು 2’. ‘ಸ್ಟಾರ್ಟರಿಂದು, ವಾಷರ್ ಇದೆ’. ಆಮೇಲೆ ನನ್ನ ಟ್ರಾನ್ಸ್‌ಫರ್, ಮನೆ ಸಾಲ, ನಿನ್ನ ಕಾಲೇಜು. ಎಂಜಿನ್ ಗೋಣಿಚೀಲ ಹೊದ್ದು ಷೆಡ್ಡಿನಲ್ಲೇ ಉಳಿಯಿತು.

ಸಿಲಿಂಡರ್ ಬೋರ್ ಮಾಡಿಸಿದ್ದು, ಪಿಸ್ಟನ್ ಹಾಕಿಸಿದ್ದು ನಿನಗೆ ಗೊತ್ತೇ ಇದೆ. 1089 ಸಿಸಿಯ ಚಿಕ್ಕ ಎಂಜಿನ್, ಆದರೆ ಕೂರಿಸುವಾಗ ಚಿಕ್ಕದು ಅನ್ನಿಸಲಿಲ್ಲ. ಬಾನೆಟ್, ರೇಡಿಯೇಟರ್ ಎರಡನ್ನೂ ತೆಗೆದಿಟ್ಟೆ. ಕ್ಲಚ್ ಪ್ಲೇಟ್ ನಟ್ಟನಡುವೆ ಇರಬೇಕು, ಕೂದಲೆಳೆಯಷ್ಟು ಪಕ್ಕಕ್ಕೆ ಹೋದರೂ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದಿಲ್ಲ, ಅದಕ್ಕೆ ಲೇತಿನವನ ಹತ್ತಿರ ಒಂದು ಮರದ ಗೂಟ ಕಡೆಸಿ ತಂದು ಅದರಲ್ಲಿ ನಡು ಹಿಡಿಸಿದೆ. ಆಮೇಲೂ ಬೆರಳಷ್ಟು ಸಂದು ಉಳಿಯಿತು. ಬೋಲ್ಟ್ ಬಿಗಿ ಮಾಡಿ ಎಳೆದುಬಿಡೋಣ ಅಂತ ಪಕ್ಕದ ಮನೆ ಹುಡುಗ ಹೇಳಿದ. ಬೇಡ ಅಂದೆ. ಹಾಗೆ ಎಳೆದರೆ ಹೌಸಿಂಗಿನ ಕಿವಿ ಮುರಿಯುತ್ತದೆ. ಕ್ರ್ಯಾಂಕನ್ನು ಒಂಚೂರು ತಿರುಗಿಸಿದೆ ಅಷ್ಟೆ, ಟಕ್ ಅಂತ ಹೋಗಿ ಕೂತಿತು. ಎರಡನ್ನೂ ಸೇರಿಸಿ ಚೈನ್ ಪುಲ್ಲಿಯಲ್ಲಿ ಎತ್ತಿ, ಗೇರ್‌ಬಾಕ್ಸಿನ ಬಾಲ ಕೆಳಗೆ ಮಾಡಿ ಓರೆಯಾಗಿ ಇಳಿಸಿದೆವು. ನಿನ್ನಮ್ಮ ಹಿಂದಿನಿಂದ ಟಾರ್ಚ್ ಹಿಡಿದಿದ್ದಳು, ಉಸಿರೇ ಬಿಡದೆ.

ಕಷ್ಟ ಕೊಟ್ಟಿದ್ದು ಗೇರು. ಈ ಕಾರಿನಲ್ಲಿ ಗೇರ್ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲಿದೆ ಅಲ್ವಾ, ಅದು ಕಾರಿನ ಬಾಡಿಯ ಭಾಗ. ಗೇರ್‌ಬಾಕ್ಸ್ ಎಂಜಿನ್ ಜೊತೆಗೆ ರಬ್ಬರ್ ಮೌಂಟಿನ ಮೇಲೆ ಅಲ್ಲಾಡುತ್ತದೆ. ಅಲ್ಲಾಡುವುದನ್ನೂ ಅಲ್ಲಾಡದ್ದನ್ನೂ ಸೇರಿಸುವುದು ಎರಡು ರಾಡು, ನಾಲ್ಕಾರು ಬುಷ್. ಒಂದು ರಾಡು ಗೇರಿನ ಯಾವ ಸಾಲು ಅಂತ ಆರಿಸುತ್ತದೆ, ಇನ್ನೊಂದು ಗೇರ್ ಹಾಕುತ್ತದೆ. ಹಾಗಾಗಿ ಎಂಜಿನ್ ಪೂರ್ತಿ ಕೂತು ಮೌಂಟ್ ಬಿಗಿಯಾಗುವವರೆಗೆ ರಾಡಿನ ಅಳತೆ ಹಿಡಿಯುವುದೇ ದಂಡ. ಹಳೇ ಬುಷ್ ಪುಡಿಯಾಗಿದ್ದವು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಹೊಸದು ತಂದೆ. ಎರಡೂ ಕಡೆ ನ್ಯೂಟ್ರಲ್ ಮಾಡಿ, ಒತ್ತಾಯವಿಲ್ಲದೆ ಪಿನ್ನು ತಾನೇ ಬೀಳುವ ಹಾಗೆ ರಾಡಿನ ಉದ್ದ ತಿರುಗಿಸಿ ಹೊಂದಿಸಿದೆ. ಆದರೆ ಆ ಪಿನ್ನೇ ಇಲ್ಲ! ಇಡೀ ಸಂಜೆ ಹುಡುಕಿದೆ. ಕೊನೆಗೆ ಡಬ್ಬದ ತಳದಲ್ಲಿ ಒಂದು ಕವರ್, ನಿನ್ನ ದುಂಡು ಅಕ್ಷರ: ‘ಯಾವುದರದ್ದೋ ಗೊತ್ತಿಲ್ಲ, ಎಸೆಯಬೇಡಿ’. ಅದರೊಳಗಿತ್ತು. ಕವರ್ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಮೊನ್ನೆ ಭಾನುವಾರ ಸ್ಟಾರ್ಟ್ ಮಾಡಿದೆ. ಮೊದಲು ಪ್ಲಗ್ ಬಿಚ್ಚಿ, ಎಂಜಿನ್ನಿನ ಮೇಲ್ತುದಿಯ ರಾಕರ್ ತನಕ ಆಯಿಲ್ ಏರುವವರೆಗೆ ಸ್ಟಾರ್ಟರ್ ತಿರುಗಿಸಿದೆ. ಆಗಲೇ ಚೋಕ್ ಕೇಬಲ್ಲಿನಿಂದ ಹೊಗೆ ಬಂತು. ಎಂಜಿನ್ನಿನಿಂದ ಕಾರಿನ ಬಾಡಿಯವರೆಗೆ ಹೋಗುವ ಅರ್ತ್ ಪಟ್ಟಿ ಹಾಕಿರಲಿಲ್ಲ, ಸ್ಟಾರ್ಟರಿನ ಅಷ್ಟೂ ಕರೆಂಟು ಆ ಸಣ್ಣ ಕೇಬಲ್ ಹಿಡಿದುಕೊಂಡು ಹೋಗಿತ್ತು. ಪಟ್ಟಿ ಹಾಕಿ, ಹೊಸ ಕೇಬಲ್ ಎಳೆದು, ಪ್ಲಗ್ ವೈರುಗಳನ್ನು ಕಿಡಿ ಹಾರುವ ಸರದಿಯಲ್ಲಿ, 1-3-4-2 ಅಂತ, ಮತ್ತೊಮ್ಮೆ ನೋಡಿಕೊಂಡೆ. ಮೂರನೇ ಸಲಕ್ಕೆ ಹಿಡಿಯಿತು. ತಾತ ಸಂಜೆ ಗೇಟಿಗೆ ಬಂದಾಗ ಕೇಳುತ್ತಿದ್ದ ಅದೇ ಸದ್ದು. ಫಸ್ಟ್ ಗೇರ್ ಹಾಕಿದೆ, ಕಡ್ಡಿ ಮೆತ್ತಗೆ ಹೋಯಿತು, ಕಾರು ಷೆಡ್ಡಿನ ಬಾಗಿಲವರೆಗೆ ತಾನಾಗಿ ಬಂತು. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದೆ.

ಕಾಲಿನ ಬ್ರೇಕ್ ಇನ್ನೂ ಆಗಿಲ್ಲ. ಪೈಪಿನಲ್ಲಿ ಗಾಳಿ ತುಂಬಿದೆ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಒಬ್ಬರು ಕೆಳಗೆ ಮಲಗಿ ನಿಪ್ಪಲ್ ಬಿಚ್ಚಬೇಕು. ಪಕ್ಕದ ಮನೆ ಹುಡುಗ ಬರುತ್ತೇನೆ ಅಂದ, ನಾನೇ ಬೇಡ ಅಂದೆ. ಗಣಪತಿ ಹಬ್ಬಕ್ಕೆ ಬರುವಾಗ ಒಂದು ಜೊತೆ ಹಳೇ ಬಟ್ಟೆ ತಗೊಂಡು ಬಾ.

ನಿನ್ನ ಅಪ್ಪ